ತನ್ನ ಸೇರನ್ನು ತನ್ನ ಸೇರಿನಲ್ಲೇ ಅಳೆದರೆ

“ಸರ್, ಗೇನ್ ಹತ್ತು ಬರಬೇಕು, ಇಪ್ಪತ್ತು ಬರ್ತಿದೆ.”

ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗ ಎರಡು ದಿನ ರೆಸಿಸ್ಟರ್‌ಗಳನ್ನು ಬಿಚ್ಚಿ, ಬೆಸೆದು, ಐಸಿಯನ್ನೂ ಬದಲಿಸಿ ಸೋತು ಬಂದಿದ್ದ. ಸಿಗ್ನಲನ್ನು ಹತ್ತು ಪಟ್ಟು ಹಿಗ್ಗಿಸಬೇಕಿದ್ದ (ಅದೇ ಗೇನ್) ಅವನ ಆಂಪ್ಲಿಫೈಯರ್ ಬೋರ್ಡು ಸರಿಯಾಗೇ ಇತ್ತು. ಸಿಗ್ನಲ್ ಕೊಡುತ್ತಿದ್ದದ್ದು ನಮ್ಮ ಅಗ್ಗದ ಸ್ಕೋಪಿನೊಳಗಿನ ಜನರೇಟರ್. ಸ್ಕೋಪ್ ಅಂದರೆ ಸಿಗ್ನಲನ್ನು ಅಲೆಯಾಗಿ ತೋರಿಸಿ ಅಳೆಯುವ ಆಸಿಲೋಸ್ಕೋಪ್; ಜನರೇಟರ್ ಪರೀಕ್ಷೆಗೆ ಬೇಕಾದ ಅಲೆಯನ್ನು ಹುಟ್ಟಿಸುತ್ತದೆ. ಪರದೆಯ ಮೇಲೆ 100 ಮಿಲಿವೋಲ್ಟ್ ಅಂತಿತ್ತು. ಸ್ಕೋಪಿನ ಎರಡನೇ ಪ್ರೋಬನ್ನು (ಅಳೆಯುವ ತಂತಿ) ಇನ್‌ಪುಟ್‌ಗೆ ಸಿಕ್ಕಿಸಿದರೆ 200!

ಇಂಥ ಜನರೇಟರ್‌ನ ಔಟ್‌ಪುಟ್ ಇಂಪೀಡೆನ್ಸ್ (ಒಳಗಿನ ತಡೆ) ಸಾಮಾನ್ಯವಾಗಿ 50 ಓಮ್. ಎದುರಿಗೂ 50 ಓಮ್ ಲೋಡ್ ಇದ್ದರೆ ವೋಲ್ಟೇಜ್ ಅರ್ಧಕ್ಕೆ ಇಳಿಯುತ್ತದೆ. ಹೈ-ಝಡ್ (ಬಹಳ ಹೆಚ್ಚು ತಡೆಯ ಲೋಡ್) ಆದರೆ ಪೂರ್ತಿ ಬರುತ್ತದೆ. ಹಾಗಾಗಿ ಮೆನುವಿನಲ್ಲಿ ಲೋಡ್ ಯಾವುದೆಂದು ಹೇಳಬೇಕು. ನಮ್ಮ ಸ್ಕೋಪಿನಲ್ಲಿ ಉಳಿಸಿಟ್ಟ ಸೆಟ್ಟಿಂಗನ್ನು ಮತ್ತೆ ತೆರೆದಾಗ ಪರದೆ ‘ಹೈ-ಝಡ್’ ಎನ್ನುತ್ತಿತ್ತು, ಒಳಗಿನ ಲೆಕ್ಕ ಮಾತ್ರ ಇನ್ನೂ 50 ಓಮಿನದ್ದೇ. ಹೇಗೂ ಅರ್ಧಕ್ಕೆ ಇಳಿಯುತ್ತದೆಂದು ಅದು ಎರಡರಷ್ಟು ಕೊಡುತ್ತಿತ್ತು. ಲೋಡನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ಬದಲಿಸಿದೆ. ಸರಿಹೋಯಿತು.

ಯಂತ್ರದೊಳಗೇ ಕೂತ ಪ್ರೋಗ್ರಾಂಗೆ ಫರ್ಮ್‌ವೇರ್ ಎನ್ನುತ್ತಾರೆ. ನಾನು ಕಂಡ ಫರ್ಮ್‌ವೇರ್ ಬಗ್‌ಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಒಂದು ನಾಬ್ ತಿರುಗಿಸಿದಾಗ ಪರದೆಯ ಅಂಕಿ ಬದಲಾಗಬೇಕು, ಹಾರ್ಡ್‌ವೇರ್ ರಿಜಿಸ್ಟರ್ (ಚಿಪ್‌ಗೆ ಆಜ್ಞೆ ಬರೆಯುವ ಜಾಗ) ಬದಲಾಗಬೇಕು, ಅಳತೆಯ ಲೆಕ್ಕವೂ ಬದಲಾಗಬೇಕು. ಪ್ರೋಗ್ರಾಂ ಬರೆದವರು ಈ ಮೂರರಲ್ಲಿ ಒಂದನ್ನು ಮರೆತರೆ ಯಂತ್ರ ಕೆಡುವುದಿಲ್ಲ, ನಯವಾಗಿ ಸುಳ್ಳು ಹೇಳುತ್ತದೆ. ವೋಲ್ಟ್/ಡಿವಿಷನ್ (ಪರದೆಯ ಒಂದು ಚೌಕಕ್ಕೆ ಎಷ್ಟು ವೋಲ್ಟ್) ಬದಲಿಸುವಾಗ ಕೆಲವು ರೇಂಜ್‌ಗಳಲ್ಲಿ ಒಳಗಿನ ರಿಲೇ ‘ಟಕ್’ ಎನ್ನುತ್ತದಲ್ಲ, ಆ ಸದ್ದಿಗೆ ಕಿವಿ ಕೊಟ್ಟಿರಿ. ರೇಂಜ್ ಬದಲಾಯಿತೆಂದು ಪರದೆ ಹೇಳಿ, ದಿನಾ ಬರುವ ಟಕ್ ಬಾರದಿದ್ದರೆ ನನಗೆ ಅಲ್ಲೇ ಅನುಮಾನ.

ಅಳತೆಯ ಲೆಕ್ಕವನ್ನು ಪರೀಕ್ಷಿಸುವುದು ಸುಲಭ. ಸೊನ್ನೆಯ ಸುತ್ತ ಸಮನಾಗಿರುವ 4 ವೋಲ್ಟ್ ಪೀಕ್-ಟು-ಪೀಕ್ (ಕೆಳತುದಿಯಿಂದ ಮೇಲ್ತುದಿಗೆ) ಸಿಗ್ನಲ್ ಕೊಡಿ. ಆರ್‌ಎಂಎಸ್ (ಅಲೆಯ ಪರಿಣಾಮಕಾರಿ ವೋಲ್ಟೇಜ್) ಸೈನ್‌ಗೆ 1.41, ತ್ರಿಕೋನಕ್ಕೆ 1.15, ಚೌಕಕ್ಕೆ 2 ವೋಲ್ಟ್ ಬರಬೇಕು. ಮೂರಕ್ಕೂ 1.41 ತೋರಿಸಿದರೆ ಅದು ಅಳೆಯುತ್ತಿಲ್ಲ, ಪೀಕನ್ನು ಹಿಡಿದು ಭಾಗಾಕಾರ ಮಾಡುತ್ತಿದೆ.

ಆದರೆ ಸ್ಕೋಪನ್ನು ಅದರದೇ ಜನರೇಟರ್‌ನಿಂದ ಪರೀಕ್ಷಿಸಿ ಪೂರ್ತಿ ನಂಬಿಬಿಡಬೇಡಿ. ಎರಡೂ ಕಾಲದ ತಾಳ ಕೊಡುವ ಒಂದೇ ಕ್ರಿಸ್ಟಲ್‌ನಿಂದ ನಡೆಯುತ್ತಿದ್ದರೆ, ಆ ಕ್ರಿಸ್ಟಲ್ 50 ಪಿಪಿಎಂ (ಹತ್ತು ಲಕ್ಷಕ್ಕೆ 50) ತಪ್ಪಿದ್ದರೂ ಆವರ್ತನ ಎಣಿಸುವ ಕೌಂಟರ್ ಠೀವಿಯಿಂದ 1.000000 ಮೆಗಾಹರ್ಟ್ಸ್ ಎನ್ನುತ್ತದೆ. ನಿಜದಲ್ಲಿ 50 ಹರ್ಟ್ಸ್ ವ್ಯತ್ಯಾಸ ಇರುತ್ತದೆ. ಕಳ್ಳನ ಪರ ಅವನ ತಮ್ಮನೇ ಸಾಕ್ಷಿ ಹೇಳಿದ ಹಾಗೆ! ನಾನು ಚಿಕ್ಕ ಜಿಪಿಎಸ್ ಮಾಡ್ಯೂಲ್ ಒಂದನ್ನು ಇಟ್ಟುಕೊಂಡಿದ್ದೇನೆ. ಅದು ಉಪಗ್ರಹಗಳನ್ನು ಹಿಡಿದ ಮೇಲೆ ಸೆಕೆಂಡಿಗೊಂದು ಪಲ್ಸ್ ಕೊಡುತ್ತದೆ. ಒಂದು ಪಲ್ಸಿಗೆ ಟ್ರಿಗರ್ ಮಾಡಿ (ಅಲ್ಲಿಂದ ಅಲೆ ತೋರಿಸಲು ಹೇಳಿ), ಒಂದು ಸೆಕೆಂಡು ಡಿಲೇ ಕೊಟ್ಟು ಮುಂದಿನ ಅಂಚನ್ನು ನೋಡಿದರೆ 50 ಪಿಪಿಎಂ ದೋಷ 50 ಮೈಕ್ರೊಸೆಕೆಂಡಾಗಿ ಕಣ್ಣಿಗೇ ಕಾಣುತ್ತದೆ. ಡಿಸಿಗೆ ಒಂದು 9 ವೋಲ್ಟ್ ಬ್ಯಾಟರಿ, ನಂಬಿಕೆಯ ಮಲ್ಟಿಮೀಟರ್ ಸಾಕು.

ಎಲ್ಲವನ್ನೂ ಬಗ್ ಎಂದು ಬೈಯುವುದೂ ತಪ್ಪೇ. ಡಬ್ಬಿಯ ಮೇಲೆ ಸೆಕೆಂಡಿಗೆ 100 ಕೋಟಿ ಸ್ಯಾಂಪಲ್ (ಸಿಗ್ನಲನ್ನು ಅಳೆಯುವ ಸಲ) ಎಂದಿರುತ್ತದೆ. ಒಂದು ಲಕ್ಷ ಪಾಯಿಂಟ್ ಮೆಮೊರಿಯಿಟ್ಟು, ಡಿವಿಷನ್‌ಗೆ 100 ಮಿಲಿಸೆಕೆಂಡಿನಂತೆ ಹತ್ತು ಡಿವಿಷನ್ ತುಂಬಿಸಬೇಕೆಂದರೆ ಸೆಕೆಂಡಿಗೆ ಒಂದೇ ಲಕ್ಷ ಸ್ಯಾಂಪಲ್ ಉಳಿಯುತ್ತದೆ. ಆಗ 1,00,010 ಹರ್ಟ್ಸ್‌ನ ಸಿಗ್ನಲ್ 10 ಹರ್ಟ್ಸ್‌ನ ಅಚ್ಚುಕಟ್ಟಾದ ಅಲೆಯಾಗಿ ನಿಲ್ಲುತ್ತದೆ. ಟೈಮ್‌ಬೇಸ್ (ಡಿವಿಷನ್‌ಗೆ ಎಷ್ಟು ಸಮಯ ಎಂಬ ನಾಬ್) ತಿರುಗಿಸಿದಾಗ ಅಲೆಯ ಆವರ್ತನವೇ ಬದಲಾದರೆ ಅದು ಏಲಿಯಾಸಿಂಗ್, ಸ್ಯಾಂಪಲ್ ಸಾಲದೆ ಹುಟ್ಟುವ ಹುಸಿ ಅಲೆ. ಪಾಪ, ಫರ್ಮ್‌ವೇರ್‌ದೇನೂ ತಪ್ಪಿಲ್ಲ.

ಫರ್ಮ್‌ವೇರ್ ಅಪ್‌ಡೇಟ್ ವಿಷಯಕ್ಕೆ ಬಂದರೆ, ಒಂದೇ ಮಾಡೆಲ್ ಹೆಸರಿನಡಿ ಬೇರೆ ಬೇರೆ ಬೋರ್ಡ್‌ಗಳು ಇರಬಹುದು. ಹಾರ್ಡ್‌ವೇರ್ ಆವೃತ್ತಿ ತಾಳೆಯಾಗದೆ ಫೈಲ್ ಹಾಕಬೇಡಿ, ಯುಪಿಎಸ್ ಇಲ್ಲದೆಯಂತೂ ಬೇಡವೇ ಬೇಡ. ಮುಗಿದ ಮೇಲೆ ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಪ್ರೋಬ್‌ಗಳನ್ನೆಲ್ಲ ಕಳಚಿ ಸೆಲ್ಫ್-ಕ್ಯಾಲಿಬ್ರೇಷನ್ (ಸ್ಕೋಪ್ ತನ್ನ ಅಳತೆಯನ್ನು ತಾನೇ ಸರಿಹೊಂದಿಸಿಕೊಳ್ಳುವುದು) ಮಾಡಿ.

ನಮ್ಮದರಲ್ಲಿ ಹೊಸ ಆವೃತ್ತಿ ಹಾಕಿದ ಮೇಲೆ ಲೋಡಿನ ಬಗ್ ಹೋಯಿತು. ಈಗ ಆಫ್ ಮಾಡಿ ಆನ್ ಮಾಡಿದರೆ ಜನರೇಟರ್‌ನ ಆಫ್‌ಸೆಟ್ (ಅಲೆಯನ್ನು ಮೇಲೆ ಕೆಳಗೆ ಸರಿಸುವ ಡಿಸಿ) ಮರೆತುಹೋಗುತ್ತದೆ. ಹಳೆಯ ಫೈಲ್ ಪೆನ್‌ಡ್ರೈವ್‌ನಲ್ಲೇ ಇದೆ. ಹುಡುಗನಂತೂ ಈಗ ಇನ್‌ಪುಟ್‌ಗೆ ಪ್ರೋಬ್ ಸಿಕ್ಕಿಸಿದ ಮೇಲೆಯೇ ಪವರ್ ಕೊಡುತ್ತಾನೆ.