ಮೂಗೆತ್ತದ ಜೆಟ್ ಸ್ಕೀ: ಎಳೆತ ಎಲ್ಲಿ ಕಳೆದುಹೋಯಿತು?

ಹ್ಯಾಂಡಲಿನ ಟ್ರಿಮ್ ಲಿವರ್ ಪೂರ್ತಿ ಒತ್ತಿ ಆಯಿತು. ಇನ್ನು ಒತ್ತಲು ಜಾಗವೇ ಇಲ್ಲ, ಅದು ಹಿಡಿಗೆ ಬಂದು ತಾಗಿದೆ. ಹಿಂದಕ್ಕೆ ಹೋಗಿ ಬಗ್ಗಿ ನೋಡಿದರೆ ನೀರು ಚಿಮ್ಮುವ ನಾಝಲ್ ಸುಮ್ನೆ ಚೂರು ತಲೆಯಾಡಿಸಿದೆ, ಅಷ್ಟೆ. ನಿಂತು ಓಡಿಸುವ ಜೆಟ್ ಸ್ಕೀಗೆ ಟ್ರಿಮ್ (ನಾಝಲನ್ನು ಮೇಲೆ ಕೆಳಗೆ ಆಡಿಸುವ ಏರ್ಪಾಡು) ಕೂರಿಸಿಕೊಂಡವರು ಆಗ ಮೊದಲು ಬೈಯುವುದು ನಾಝಲನ್ನೇ. ಪಾಪ, ಎಷ್ಟೋ ಸಲ ತಪ್ಪು ಅದರದ್ದಾಗಿರುವುದಿಲ್ಲ.

ನೀರಿನ ಮೇಲೆ ಓಡುವ ಈ ಗಾಡಿಯ ಪರಿಚಯ ಇಲ್ಲದವರಿಗೆ ಎರಡು ಮಾತು. ಅಮೆರಿಕದ ಕ್ಲೇಟನ್ ಜೇಕಬ್ಸನ್ ಎಂಬ ಬೈಕ್ ರೇಸರ್‌ಗೆ ಹೊಳೆದ ಕಲ್ಪನೆ ಇದು. 1970ರ ದಶಕದ ಆರಂಭದಲ್ಲಿ ಕವಾಸಾಕಿ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. 'ಜೆಟ್ ಸ್ಕೀ' ಎಂಬುದು ಅವರ ಬ್ರ್ಯಾಂಡ್ ಹೆಸರು. ಈಗ ಎಲ್ಲ ಕಂಪನಿಯದ್ದಕ್ಕೂ ಜನ ಅದನ್ನೇ ಹೇಳುತ್ತಾರೆ. ಇದಕ್ಕೆ ಸೀಟಿಲ್ಲ. ಮುಂದಿನಿಂದ ಒಂದು ಉದ್ದನೆಯ ತೋಳು ಬರುತ್ತದೆ, ಅದರ ತುದಿಗೆ ಹ್ಯಾಂಡಲ್. ಸವಾರ ಹಿಂದೆ ನಿಂತು ಅದನ್ನು ಹಿಡಿದುಕೊಳ್ಳಬೇಕು. ತೋಳು ಬುಡದಲ್ಲಿ ಮಡಚಿ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಈ ಮಡಿಕೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೊರಗೆ ತಿರುಗುವ ಪ್ರೊಪೆಲ್ಲರ್ ಇಲ್ಲ, ಚುಕ್ಕಾಣಿಯೂ ಇಲ್ಲ. ಹೊಟ್ಟೆಯಡಿಯ ಜಾಲರಿಯಿಂದ ನೀರು ಒಳಗೆ ಬರುತ್ತದೆ. ಒಳಗೆ ತಿರುಗುವ ಇಂಪೆಲ್ಲರ್ ಎಂಬ ರೆಕ್ಕೆಚಕ್ರ ಅದನ್ನು ಹಿಂದಕ್ಕೆ ತಳ್ಳುತ್ತದೆ. ಸುರುಳಿ ಸುತ್ತುತ್ತಾ ಬಂದ ನೀರನ್ನು ಅಲುಗಾಡದ ರೆಕ್ಕೆಗಳು ನೇರ ಮಾಡುತ್ತವೆ. ಕಿರಿದಾದ ಬಾಯಿಯಿಂದ ಅದು ವೇಗವಾಗಿ ಚಿಮ್ಮುತ್ತದೆ. ಆ ಬಾಯಿಗೆ ಟೋಪಿಯ ಹಾಗೆ ಕೂತಿರುವುದೇ ತಿರುಗುವ ನಾಝಲ್. ಅದನ್ನು ಎಡಕ್ಕೋ ಬಲಕ್ಕೋ ತಿರುಗಿಸಿದರೆ ಗಾಡಿ ತಿರುಗುತ್ತದೆ. ಟ್ರಿಮ್ ಇದ್ದರೆ ನಾಝಲ್ ಒಂದು ಬಳೆಯೊಳಗೆ ಕೂತಿರುತ್ತದೆ, ಬಳೆ ಮೇಲೆ ಕೆಳಗೆ ಓಲಾಡುತ್ತದೆ. ಧಾರೆ ಮೇಲ್ಮುಖವಾದರೆ ಹಿಂಭಾಗ ಕೆಳಕ್ಕೆ ಒತ್ತಿ, ಮೂಗು ಏಳುತ್ತದೆ. ಧಾರೆ ಕೆಳಮುಖವಾದರೆ ಮೂಗು ನೀರಿಗೆ ಒತ್ತಿಕೊಳ್ಳುತ್ತದೆ. ನೇರ ಓಟಕ್ಕೆ ಮೊದಲನೆಯದು ಬೇಕು, ತಿರುವಿನಲ್ಲಿ ನೀರನ್ನು ಕಚ್ಚಿ ಹಿಡಿಯಲು ಎರಡನೆಯದು.

ಕೆಲವೇ ಡಿಗ್ರಿಗಳ ಆಟ ಇದು. ಹಾಗಿದ್ದರೂ ಒಂದೊಂದು ಡಿಗ್ರಿಯೂ ಲೆಕ್ಕಕ್ಕೆ ಬರುತ್ತದೆ. ಧಾರೆಯ ನೂಕು 150 ಕೆ.ಜಿ. ತೂಕದಷ್ಟಿದೆ ಎಂದುಕೊಳ್ಳೋಣ. ನಾಝಲ್ 10 ಡಿಗ್ರಿ ಎದ್ದರೆ ಹಿಂಭಾಗವನ್ನು ಸುಮಾರು 26 ಕೆ.ಜಿ.ಯಷ್ಟು ಬಲ ಕೆಳಕ್ಕೆ ಒತ್ತುತ್ತದೆ. 5 ಡಿಗ್ರಿ ಮಾತ್ರ ಎದ್ದರೆ 13. ಕಣ್ಣಿಗೆ ಕಾಣುವ ವ್ಯತ್ಯಾಸ ಒಂದು ಬೆರಳಷ್ಟೂ ಇಲ್ಲ, ಕಾಲಡಿಯಲ್ಲಿ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಬೆರಳಿನ ಎಳೆತ ನಾಝಲ್ ತನಕ ಹೋಗುವುದು ಬೌಡನ್ ಕೇಬಲ್ ಮೂಲಕ. ಅರ್ನೆಸ್ಟ್ ಬೌಡನ್ ಎಂಬಾತ 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಸೈಕಲ್ ಬ್ರೇಕಿನಲ್ಲಿ ಇರುವುದೂ ಇದೇ. ಒಳಗೆ ತಂತಿ, ಹೊರಗೆ ಔಟರ್ ಎಂಬ ಬಾಗುವ ಕೊಳವೆ. ಎಳೆಯುವುದು ತಂತಿ ಅಂತ ನಮಗೆಲ್ಲ ಗೊತ್ತು. ಮರೆತುಹೋಗುವುದು ಔಟರಿನ ಪಾಲು. ತಂತಿಯನ್ನು ಎಷ್ಟು ಜೋರಾಗಿ ಎಳೆಯುತ್ತೀರೋ ಅಷ್ಟೇ ಜೋರಾಗಿ ಔಟರ್ ಎರಡೂ ತುದಿಯಲ್ಲಿ ತಡೆದು ನಿಲ್ಲಬೇಕು. ಅದು ಸ್ವಲ್ಪ ಸರಿದರೆ, ಬಾಗಿದರೆ, ಕುಗ್ಗಿದರೆ, ಸರಿದಷ್ಟೂ ಎಳೆತ ಖೋತಾ. ಟ್ರಿಮ್ಮಿನ ಆಟ, ಅಂದರೆ ನಾಝಲ್ ಮೇಲೆ ಕೆಳಗೆ ಆಡುವಷ್ಟು ದೂರ, ಕಡಿಮೆಯಾದಾಗ ನಾನು ಮೊದಲು ಅನುಮಾನಪಡುವುದು ಇದನ್ನೇ.

ಸಣ್ಣ ಲೆಕ್ಕ ಹಾಕೋಣ. ಲಿವರಿನ ಕೀಲಿನಿಂದ ಕೇಬಲ್ ಸಿಕ್ಕಿಸುವ ತೂತಿಗೆ 25 ಮಿ.ಮೀ. ದೂರ. ಲಿವರ್ 40 ಡಿಗ್ರಿ ತಿರುಗಿದರೆ ತಂತಿ ಸುಮಾರು 17 ಮಿ.ಮೀ. ಸರಿಯುತ್ತದೆ. ಬಳೆಗೆ ಕೇಬಲ್ ಸಿಕ್ಕಿಸುವ ತೋಳು 50 ಮಿ.ಮೀ. ಇದ್ದರೆ ನಾಝಲಿಗೆ ಸುಮಾರು 20 ಡಿಗ್ರಿ ಸಿಗಬೇಕು. ಈಗ ಕೇಬಲಿನಲ್ಲಿ 4 ಮಿ.ಮೀ. ಲೂಸ್ ಇದೆ. ಔಟರ್ ಇನ್ನೊಂದು 4 ಮಿ.ಮೀ. ಕುಗ್ಗುತ್ತದೆ. ಉಳಿದದ್ದು 9. ನಾಝಲಿಗೆ ಸಿಕ್ಕಿದ್ದು 10 ಡಿಗ್ರಿ. ಯಾವ ಭಾಗವೂ ಮುರಿದಿಲ್ಲ, ಯಾವುದೂ ಕೆಟ್ಟಿಲ್ಲ, ಅರ್ಧ ಆಟ ಮಾತ್ರ ಮಾಯ!

ರಿಪೇರಿಗೆ ಕೈಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಆಟ ಕುಗ್ಗಿದೆಯೋ, ಇಲ್ಲ ಪಕ್ಕಕ್ಕೆ ಸರಿದಿದೆಯೋ? ಕೆಳಕ್ಕೆ ಚೆನ್ನಾಗಿ ಇಳಿದು ಮೇಲಕ್ಕೆ ಮಾತ್ರ ಏಳುತ್ತಿಲ್ಲ ಎಂದರೆ ಒಟ್ಟು ಆಟ ಸರಿಯಿರಬಹುದು, ನಡುಬಿಂದು ತಪ್ಪಿರಬಹುದು. ಕೇಬಲ್ ತುದಿಯ ಅಡ್ಜಸ್ಟರ್ ತಿರುಪನ್ನು ನಾಲ್ಕು ಸುತ್ತು ತಿರುಗಿಸಿದರೆ ಮುಗಿಯಿತು. ಒಟ್ಟು ಆಟವೇ ಕಡಿಮೆ ಇದ್ದರೆ ಅಡ್ಜಸ್ಟರ್ ತಿರುಗಿಸುವುದು ಗಿಡ್ಡ ಕಂಬಳಿ ಹೊದ್ದ ಹಾಗೆ. ತಲೆಗೆ ಎಳೆದರೆ ಕಾಲು ಹೊರಗೆ, ಕಾಲಿಗೆ ಎಳೆದರೆ ತಲೆ ಹೊರಗೆ. ಎಷ್ಟೋ ಜನ ಇಡೀ ಮಧ್ಯಾಹ್ನ ಈ ಕಂಬಳಿಯ ಜೊತೆಗೇ ಗುದ್ದಾಡುತ್ತಾರೆ.

ಇನ್ನು ಹುಡುಕಾಟ. ಗಾಡಿ ಸ್ಟ್ಯಾಂಡಿನ ಮೇಲಿರಲಿ, ಬ್ಯಾಟರಿ ವೈರ್ ಬಿಚ್ಚಿಡಿ, ಪಂಪಿನ ಹತ್ತಿರ ಕೈಹಾಕುವಾಗ ಇಂಜಿನ್ ಅಕಸ್ಮಾತ್ತಾಗಿಯೂ ಸ್ಟಾರ್ಟ್ ಆಗಬಾರದು. ಕೇಬಲನ್ನು ಬಳೆಯ ಕಡೆ ಕಳಚಿ, ನಾಝಲನ್ನು ಬರಿಗೈಯಲ್ಲಿ ಆಡಿಸಿ. ಎರಡು ಬೆರಳಲ್ಲಿ ಸಲೀಸಾಗಿ ಮೇಲಿಂದ ಕೆಳಗೆ ಆಡಬೇಕು. ಕರಕರ ಅಂದರೆ ಕೀಲಿನ ಬುಶ್ಶಿನಲ್ಲಿ ಮರಳೋ ಉಪ್ಪೋ ಸೇರಿದೆ. ಟಕ್ ಅಂತ ನಿಂತರೆ ಎಲ್ಲೋ ತಾಗುತ್ತಿದೆ: ಉದ್ದ ಜಾಸ್ತಿಯಾದ ಬೋಲ್ಟ್ ಇರಬಹುದು, ಅಡಿಯ ತಟ್ಟೆ ಇರಬಹುದು, ಗಾಡಿಯ ಹಿಂಬದಿಯ ಅಂಚೂ ಇರಬಹುದು. ತಾಗಿದ ಜಾಗದಲ್ಲಿ ಹೊಸ ಗೀರು ಬಿದ್ದಿರುತ್ತದೆ. ಗೀರು ಸುಳ್ಳು ಹೇಳುವುದಿಲ್ಲ.

ನಾಝಲ್ ಚೆನ್ನಾಗಿ ಆಡಿತಾ? ಹಾಗಾದರೆ ಕೇಬಲ್ ಕಡೆ ಬನ್ನಿ. ಕೇಬಲನ್ನು ಮತ್ತೆ ಸಿಕ್ಕಿಸಿ. ಔಟರಿಗೆ ಕ್ಲಾಂಪ್ ಹಿಡಿದಿರುವ ಕಡೆ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ, ಅರ್ಧ ಔಟರಿನ ಮೇಲೆ, ಅರ್ಧ ಕ್ಲಾಂಪಿನ ಮೇಲೆ. ಒಬ್ಬರು ನಾಝಲನ್ನು ಅಲುಗದ ಹಾಗೆ ಹಿಡಿಯಲಿ. ಇನ್ನೊಬ್ಬರು ಲಿವರ್ ಒತ್ತಲಿ. ನೀವು ಗೆರೆಯನ್ನೇ ನೋಡುತ್ತಿರಿ. ಗೆರೆ ಎರಡು ತುಂಡಾಗಿ ಜರುಗಿದರೆ ಕಳ್ಳ ಸಿಕ್ಕಿದ. ಗೆರೆ ಜರುಗದೆ, ಮುಂದಿನ ಬಾಗಿನಲ್ಲಿ ಔಟರ್ ಎರೆಹುಳದಂತೆ ಮೆಲ್ಲಗೆ ಬಳುಕಿದರೆ ಕಳ್ಳ ಅಲ್ಲಿದ್ದಾನೆ. ನಾಝಲ್ ಬಿಗಿಯಾಗಿರುವಾಗಲೂ ಲಿವರ್ ಎಷ್ಟು ದೂರ ಬರುತ್ತದೋ ಅಷ್ಟೂ ನಷ್ಟವೇ.

ಹೀಗೆ ಹಿಡಿದು ನೋಡಲೇಬೇಕು. ಯಾಕೆಂದರೆ ದಡದಲ್ಲಿ ಸರಿಯಾಗಿ ಆಡುವ ಟ್ರಿಮ್ ನೀರಿನಲ್ಲಿ ಕೈಕೊಡುವುದುಂಟು. ಥ್ರಾಟಲ್ ಕೊಟ್ಟಾಗ ಧಾರೆ ನಾಝಲಿನ ಒಳಗೋಡೆಗೆ ಬಡಿದು ಅದನ್ನು ನೇರ ಸಾಲಿಗೆ ತರಲು ನೋಡುತ್ತದೆ. ಆ ಬಲವನ್ನೆಲ್ಲ ಕೇಬಲ್ ತಡೆದುಕೊಳ್ಳಬೇಕು. ಸ್ಪ್ರಿಂಗಿನ ಹಾಗೆ ಸುತ್ತಿದ ಔಟರ್ ಆಗ ಕುಗ್ಗುತ್ತದೆ. ಸೈಕಲ್ಲಿನ ಗೇರಿಗೆ ಬರುವ ಔಟರಿನಲ್ಲಿ ತಂತಿಗಳನ್ನು ಉದ್ದಕ್ಕೆ ಜೋಡಿಸಿರುವುದು ಇದೇ ಕಾರಣಕ್ಕೆ. ಅದು ಕುಗ್ಗುವುದು ಕಡಿಮೆ. (ಅದನ್ನು ಬ್ರೇಕಿಗೆ ಹಾಕಬಾರದು, ಒತ್ತಡಕ್ಕೆ ಸೀಳಿಹೋಗಬಹುದು. ಇದು ಬೇರೆ ಕಥೆ.)

ಬಾಗುಗಳ ಲೆಕ್ಕ ಮಜವಾಗಿದೆ. ಕಂಬಕ್ಕೆ ಹಗ್ಗ ಎರಡು ಸುತ್ತು ಹಾಕಿದರೆ ಆ ಕಡೆ ಎತ್ತು ಎಳೆದರೂ ಈ ಕಡೆ ಒಬ್ಬರೇ ಹಿಡಿದು ನಿಲ್ಲಬಹುದು, ಅಲ್ವಾ? ಕೇಬಲಿನ ಒಳಗೂ ಅದೇ ಆಟ, ಆದರೆ ನಮಗೆ ವಿರುದ್ಧವಾಗಿ. ಇದರ ಸೂತ್ರಕ್ಕೆ ಆಯ್ಲರ್ ಮತ್ತು ಐಟೆಲ್ವೈನ್ ಅವರ ಹೆಸರಿದೆ. ತಂತಿ ನಯವಾಗಿದ್ದು ಘರ್ಷಣೆಯ ಗುಣಾಂಕ 0.15 ಇದ್ದರೆ, ಎಲ್ಲ ಬಾಗು ಸೇರಿ 180 ಡಿಗ್ರಿ ಆದಾಗ ಬೆರಳಿನ ಕಡೆ 1.6 ಪಟ್ಟು ಬಲ ಬೇಕು. 360 ಡಿಗ್ರಿ ಆದರೆ 2.6 ಪಟ್ಟು. ತುಕ್ಕು ಹಿಡಿದು ಗುಣಾಂಕ 0.3 ಆಯಿತೆನ್ನಿ, ಅದೇ 360 ಡಿಗ್ರಿಗೆ 6.6 ಪಟ್ಟು! ಬಲ ಹೆಚ್ಚಿದಂತೆ ಔಟರ್ ಇನ್ನೂ ಕುಗ್ಗುತ್ತದೆ, ಆಟ ಇನ್ನೂ ಕಡಿಮೆಯಾಗುತ್ತದೆ. ಒಂದು ಅನಗತ್ಯ ಬಾಗು ತೆಗೆದರೆ ಸಿಗುವ ಲಾಭ ಹೊಸ ಲಿವರ್ ಕೊಂಡರೂ ಸಿಗದೇ ಇರಬಹುದು.

ಈಗ ಆ ತೋಳಿನ ಮಡಿಕೆ. ಕೇಬಲ್ ಅದನ್ನು ದಾಟಿಯೇ ಹೋಗಬೇಕು. ತೋಳು ಕೆಳಗಿಳಿಸಿ ಒಮ್ಮೆ, ಸವಾರ ನಿಂತಾಗಿನಷ್ಟು ಎತ್ತಿ ಒಮ್ಮೆ ಪರೀಕ್ಷಿಸಿ. ಎತ್ತಿದಾಗ ಕೇಬಲ್ ಬಿಗಿದುಕೊಂಡರೆ ಲಿವರ್ ಮುಟ್ಟದೆಯೇ ನಾಝಲ್ ಅಲುಗುತ್ತದೆ, ಆಟದ ಒಂದು ಪಾಲು ಅಲ್ಲೇ ಖರ್ಚು.

ಹ್ಯಾಂಡಲ್ ನೇರ ಇದ್ದಾಗ ಚೆನ್ನಾಗಿ ಆಡಿ, ಪೂರ್ತಿ ತಿರುಗಿಸಿದಾಗ ಟ್ರಿಮ್ ಸಿಕ್ಕಿಕೊಂಡರೆ ಸ್ಟಿಯರಿಂಗ್ ಕೇಬಲಿನ ತುದಿಯ ಗುಂಡು ಕೀಲನ್ನು ನೋಡಿ. ಬಾಗಿಲಿನ ಕೀಲಿನ ಹತ್ತಿರ ದಾರ ಕಟ್ಟಿದರೆ ಬಾಗಿಲು ತೆಗೆದರೂ ದಾರ ಜಗ್ಗುವುದಿಲ್ಲ. ಹಿಡಿಯ ಹತ್ತಿರ ಕಟ್ಟಿದರೆ ಜಗ್ಗುತ್ತದೆ. ಇಲ್ಲೂ ಹಾಗೇ. ಗುಂಡು ಕೀಲು ಬಳೆ ಓಲಾಡುವ ಅಕ್ಷದ ಹತ್ತಿರ ಇದ್ದಷ್ಟೂ ಒಳ್ಳೆಯದು. ದೂರ ಇದ್ದರೆ ಪ್ರತಿ ಸಲ ಟ್ರಿಮ್ ಎಳೆದಾಗ ಸ್ಟಿಯರಿಂಗ್ ಕೇಬಲನ್ನೂ ಜಗ್ಗಬೇಕು. ಕೀಲು ತನ್ನ ಮಿತಿಗೆ ಬಂದು ಅಡ್ಡ ಕಚ್ಚಿಕೊಳ್ಳುತ್ತದೆ. ವಾಷರ್ ಹಾಕಿ ಕೀಲನ್ನು ಸ್ವಲ್ಪ ಸರಿಸಿದರೆ ಕೆಲವೊಮ್ಮೆ ಅಷ್ಟೇ ಸಾಕಾಗುತ್ತದೆ.

ಇಷ್ಟೆಲ್ಲ ಆದಮೇಲೂ ಆಟ ಸಾಲದಿದ್ದರೆ ಆಗ ಬಳೆಯ ತೋಳನ್ನು ಗಿಡ್ಡ ಮಾಡಬಹುದು. 50ರ ಬದಲು 40 ಮಿ.ಮೀ. ತೂತಿಗೆ ಸಿಕ್ಕಿಸಿದರೆ ಅದೇ 17 ಮಿ.ಮೀ. ಎಳೆತಕ್ಕೆ 24 ಡಿಗ್ರಿ ಬರುತ್ತದೆ. ಆದರೆ ಬಲ ಕಾಲು ಪಾಲು ಜಾಸ್ತಿ ಬೇಕು. ನಷ್ಟಗಳನ್ನು ತಡೆಯದೆ ಮೊದಲೇ ಇದನ್ನು ಮಾಡಿದರೆ, ಹೆಚ್ಚಿದ ಬಲಕ್ಕೆ ಔಟರ್ ಹೆಚ್ಚು ಕುಗ್ಗಿ, ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಗುತ್ತದೆ.

ಇನ್ನೊಂದು ಕಡೆಯೂ ಕಣ್ಣಿರಲಿ. ನಾಝಲ್ ಅತಿಯಾಗಿ ಎದ್ದರೆ ಅದರ ಕೆಳತುಟಿ ಧಾರೆಗೆ ಅಡ್ಡ ಬರುತ್ತದೆ. ಪಂಪಿನ ಬಾಯಿಗೂ ನಾಝಲಿಗೂ ನಡುವಿನ ಸಂದಿಯಿಂದ ನೀರು ಹೊರಚಿಮ್ಮಲು ಶುರುವಾದರೆ ನೂಕು ಸೋರಿಹೋಗುತ್ತಿದೆ ಎಂದು ಲೆಕ್ಕ. ಅಲ್ಲಿಂದ ಒಂದೆರಡು ಡಿಗ್ರಿ ಹಿಂದಕ್ಕೆ ಬಂದು, ಸ್ಟಾಪರ್ ಬೋಲ್ಟ್ ಇದ್ದರೆ ಅಲ್ಲೇ ಬಿಗಿ ಮಾಡಿ, ಲಿವರಿನಲ್ಲಿ ಒಂದು ಮಿ.ಮೀ. ಸಡಿಲು ಬಿಡಿ.