ಟೆಟ್ರಾಡ್ರಾಕ್ಮ: ಈಜಿಪ್ಟಿನ ಗಡಿ ದಾಟದ ರೋಮನ್ ನಾಣ್ಯ

ರೋಮನ್ ಸಾಮ್ರಾಜ್ಯದ ನಾಣ್ಯಗಳೆಲ್ಲ ರೋಮ್ ನಗರದಲ್ಲೇ ಅಚ್ಚಾದವು ಅಂತ ಸುಮ್ನೆ ಅಂದುಕೊಂಡಿರುತ್ತೇವೆ. ಹಾಗಿರಲಿಲ್ಲ. ಪೂರ್ವದ ಪ್ರಾಂತ್ಯಗಳಲ್ಲಿ ನೂರಾರು ಊರುಗಳು ತಮ್ಮದೇ ನಾಣ್ಯ ಹಾಕಿಸುತ್ತಿದ್ದವು. ಒಂದು ಕಡೆ ಚಕ್ರವರ್ತಿಯ ಮುಖ, ಇನ್ನೊಂದು ಕಡೆ ಊರ ದೇವರೋ ಗುಡಿಯೋ, ಬರಹ ಹೆಚ್ಚಾಗಿ ಗ್ರೀಕ್. ಇವನ್ನು ನಾಣ್ಯ ಬಲ್ಲವರು ‘ಪ್ರಾಂತೀಯ ನಾಣ್ಯ’ ಎನ್ನುತ್ತಾರೆ. ಇವುಗಳ ಪೈಕಿ ನನಗೆ ಅತಿ ವಿಚಿತ್ರವಾಗಿ ಕಾಣುವುದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಟಂಕಸಾಲೆಯ ಟೆಟ್ರಾಡ್ರಾಕ್ಮ.

ಹೆಸರು ಸರಳ. ಡ್ರಾಕ್ಮ ಎಂಬುದು ಗ್ರೀಕರ ಹಣದ ಅಳತೆ. ಅಂಥ ನಾಲ್ಕು ಸೇರಿದರೆ ಟೆಟ್ರಾಡ್ರಾಕ್ಮ. ಈಜಿಪ್ಟನ್ನು ಗ್ರೀಕ್ ಮೂಲದ ಟೊಲೆಮಿ ಅರಸರು ಸುಮಾರು ಮುನ್ನೂರು ವರ್ಷ ಆಳಿದ್ದರಿಂದ ಅಲ್ಲಿನ ಲೆಕ್ಕಾಚಾರವೆಲ್ಲ ಡ್ರಾಕ್ಮದಲ್ಲೇ ನಡೆಯುತ್ತಿತ್ತು. ಕ್ರಿ.ಪೂ. 30ರಲ್ಲಿ ಕ್ಲಿಯೋಪಾತ್ರಾ ಸತ್ತು ಈಜಿಪ್ಟ್ ರೋಮ್ ಕೈಗೆ ಬಂತು. ರೋಮ್‌ನ ಮೊದಲ ಚಕ್ರವರ್ತಿ ಆಗಸ್ಟಸ್ ಅಲ್ಲಿ ಬರೀ ಕಂಚಿನ ನಾಣ್ಯ ಹಾಕಿಸಿದ. ಬೆಳ್ಳಿಯ ಲೆಕ್ಕದ ಟೆಟ್ರಾಡ್ರಾಕ್ಮವನ್ನು ಮತ್ತೆ ಶುರು ಮಾಡಿದವನು ಅವನ ನಂತರದ ಚಕ್ರವರ್ತಿ ಟೈಬೀರಿಯಸ್, ಕ್ರಿ.ಶ. 20ರ ಸುಮಾರಿಗೆ. ಅಲ್ಲಿಂದ ಮುಂದೆ ಹತ್ತಿರಹತ್ತಿರ 275 ವರ್ಷ ಈ ನಾಣ್ಯ ನಡೆಯಿತು.

‘ಬೆಳ್ಳಿಯ ಲೆಕ್ಕದ’ ಅಂತ ಬೇಕೆಂದೇ ಬರೆದೆ. ಬೆಳ್ಳಿ ಅದರಲ್ಲಿ ಮೊದಲಿನಿಂದಲೂ ಕಡಿಮೆ, ತಾಮ್ರವೇ ಜಾಸ್ತಿ. ನೀರೊ ಕಾಲಕ್ಕೆ ಬೆಳ್ಳಿಯ ಪಾಲು ಆರರಲ್ಲಿ ಒಂದಕ್ಕೆ ಇಳಿದಿತ್ತು. ಆದರೂ ಸರ್ಕಾರದ ಲೆಕ್ಕದಲ್ಲಿ ಒಂದು ಟೆಟ್ರಾಡ್ರಾಕ್ಮ ಅಂದರೆ ರೋಮ್‌ನ ಒಂದು ಡಿನೇರಿಯಸ್, ಅಂದರೆ ರೋಮನ್ನರ ಬೆಳ್ಳಿ ನಾಣ್ಯ. ಆ ಡಿನೇರಿಯಸ್ಸೋ, ಆ ಹೊತ್ತಿನಲ್ಲಿ ಬಹುಪಾಲು ಶುದ್ಧ ಬೆಳ್ಳಿ. ಎರಡನ್ನೂ ಕರಗಿಸಿ ನೋಡಿದರೆ ಸಮವಾಗುವ ಮಾತೇ ಇಲ್ಲ. ಹಾಗಿದ್ದರೆ ಜನ ಇದನ್ನು ಹೇಗೆ ಒಪ್ಪಿಕೊಂಡರು?

ಉತ್ತರ ಗಡಿಯಲ್ಲಿದೆ. ಹೊರಗಿನ ನಾಣ್ಯ ಈಜಿಪ್ಟಿನೊಳಗೆ ಓಡಬಾರದು ಅಂತ ಟೊಲೆಮಿ ಅರಸರೇ ಕಟ್ಟು ಮಾಡಿದ್ದರು. ವ್ಯಾಪಾರಿ ಬಂದನೋ, ತನ್ನ ಹಣ ಕೊಟ್ಟು ಸ್ಥಳೀಯ ನಾಣ್ಯ ಪಡೆಯಬೇಕು. ಕ್ರಿ.ಪೂ. 258ರ ಒಂದು ಪತ್ರ ಪಪೈರಸ್ ಹಾಳೆಯಲ್ಲಿ ಉಳಿದಿದೆ. ಡಿಮಿಟ್ರಿಯಸ್ ಎಂಬ ಅಧಿಕಾರಿ ಅರಸನ ಹಣಕಾಸು ಮಂತ್ರಿ ಅಪೊಲೊನಿಯಸ್‌ಗೆ ಬರೆದದ್ದು. ಪರದೇಶದ ವರ್ತಕರು ತಂದ ಚಿನ್ನದ ನಾಣ್ಯಗಳನ್ನು ಕರಗಿಸಿ ಹೊಸದಾಗಿ ಅಚ್ಚು ಹಾಕುವ ಕೆಲಸದ ತಾಪತ್ರಯ ಅದರಲ್ಲಿದೆ. ರೋಮನ್ನರು ಬಂದ ಮೇಲೂ ಈ ಬೇಲಿಯನ್ನು ಕೀಳಲಿಲ್ಲ. ಟೆಟ್ರಾಡ್ರಾಕ್ಮ ಈಜಿಪ್ಟಿನೊಳಗೆ ಮಾತ್ರ ಹಣ, ಹೊರಗೆ ಬರೀ ತಾಮ್ರದ ಬಿಲ್ಲೆ. ಅದರ ಬೆಲೆ ಇದ್ದದ್ದು ಲೋಹದಲ್ಲಿ ಅಲ್ಲ, ಅದನ್ನೇ ತೆಗೆದುಕೊಳ್ಳಬೇಕೆಂಬ ಅಪ್ಪಣೆಯಲ್ಲಿ. ತೆರಿಗೆಯೂ ಅದರಲ್ಲೇ. ಫಯೂಮ್ ಸೀಮೆಯ ಹಳ್ಳಿಯ ಗಂಡಸು ವರ್ಷಕ್ಕೆ 40 ಡ್ರಾಕ್ಮ ತಲೆಗಂದಾಯ ಕಟ್ಟಬೇಕಿತ್ತು, ಅಂದರೆ ಹತ್ತು ಟೆಟ್ರಾಡ್ರಾಕ್ಮ.

ಇದರ ಪರಿಣಾಮ ನಮ್ಮ ನೆಲದಲ್ಲೂ ಕಾಣುತ್ತದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಇನ್ನೊಂದು ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಎಲ್ಲವೂ ಆಗಸ್ಟಸ್, ಟೈಬೀರಿಯಸ್ ಕಾಲದ ಆಸುಪಾಸಿನ ಡಿನೇರಿಯಸ್‌ಗಳು. ಆ ಕಾಲದಲ್ಲಿ ರೋಮ್‌ನಿಂದ ಇಲ್ಲಿಗೆ ಬರುವ ಮುಖ್ಯ ದಾರಿ ಈಜಿಪ್ಟಿನದೇ. ಅಲೆಕ್ಸಾಂಡ್ರಿಯಾದಿಂದ ನೈಲ್ ಮೇಲೆ ದೋಣಿ, ಅಲ್ಲಿಂದ ಮರುಭೂಮಿಯಲ್ಲಿ ಒಂಟೆ, ಕೆಂಪು ಸಮುದ್ರದ ಬೆರೆನಿಕೆ ಅಥವಾ ಮಯೋಸ್ ಹೊರ್ಮೊಸ್ ಬಂದರಿನಿಂದ ಹಡಗು. ಇಷ್ಟುದ್ದ ಈಜಿಪ್ಟನ್ನು ಹಾದು ಬಂದರೂ ಆ ನಿಧಿಗಳಲ್ಲಿದ್ದದ್ದು ರೋಮನ್ ಡಿನೇರಿಯಸ್, ಈಜಿಪ್ಟಿನ ಟೆಟ್ರಾಡ್ರಾಕ್ಮ ಅಲ್ಲ. ಮೆಣಸು ಮಾರುವ ನಮ್ಮವರಿಗೆ ಬೇಕಿದ್ದದ್ದು ಬೆಳ್ಳಿ, ಅಲೆಕ್ಸಾಂಡ್ರಿಯಾದ ಅಪ್ಪಣೆ ಇಲ್ಲಿ ಯಾರಿಗೆ ಬೇಕು? ಆದರೆ ಅದೇ ಸರಕು ಈಜಿಪ್ಟ್ ತಲುಪಿದ ಮೇಲೆ ಲೆಕ್ಕ ಬದಲಾಗುತ್ತಿತ್ತು. ಕೇರಳದ ಹಳೆಯ ಬಂದರು ಮುಜಿರಿಸ್‌ನಿಂದ ಹೊರಟ ‘ಹರ್ಮಪೊಲೊನ್’ ಎಂಬ ಹಡಗಿನ ಸರಕಿನ ಪಟ್ಟಿಯೊಂದು ಈಗ ವಿಯೆನ್ನಾದಲ್ಲಿದೆ, ಎರಡನೇ ಶತಮಾನದ್ದು. ಅದರಲ್ಲಿ ಬರೆದ ಮೊತ್ತ 69 ಲಕ್ಷ ಡ್ರಾಕ್ಮಕ್ಕೂ ಮೀರಿದ್ದು.

ಇನ್ನು ಈ ನಾಣ್ಯ ಓದುವುದು. ಇದು ನನಗೆ ಬಹಳ ಇಷ್ಟದ ಭಾಗ. ರೋಮ್‌ನಲ್ಲಿ ಅಚ್ಚಾದ ನಾಣ್ಯದ ಕಾಲ ಹಿಡಿಯಲು ಬಿರುದುಗಳನ್ನೆಲ್ಲ ಲೆಕ್ಕ ಹಾಕುತ್ತಾ ಕೂರಬೇಕು. ಅಲೆಕ್ಸಾಂಡ್ರಿಯಾದ್ದಕ್ಕೆ ಆ ಕಷ್ಟವಿಲ್ಲ. ಹಿಂಬದಿಯಲ್ಲಿ ಇಂಗ್ಲಿಷಿನ ‘ಎಲ್’ ತರಹ ಕಾಣುವ ಒಂದು ಗುರುತು ಹುಡುಕಿ. ಅದು ಅಕ್ಷರವಲ್ಲ, ‘ವರ್ಷ’ ಎಂದು ಬರೆಯುವ ಈಜಿಪ್ಟಿನ ಗುಮಾಸ್ತರ ಸಂಕೇತ. ಪಕ್ಕದಲ್ಲಿ ಗ್ರೀಕ್ ಅಕ್ಷರವೊಂದು ಅಂಕಿಯಾಗಿ ನಿಂತಿರುತ್ತದೆ. ಆಲ್ಫಾ ಅಂದರೆ 1, ಬೀಟಾ ಅಂದರೆ 2, ಅಯೋಟಾ ಅಂದರೆ 10. ಅದು ಚಕ್ರವರ್ತಿ ಪಟ್ಟಕ್ಕೆ ಬಂದ ಎಷ್ಟನೇ ವರ್ಷ ಅಂತ ಹೇಳುತ್ತದೆ. ಒಂಬತ್ತನೇ ವರ್ಷಕ್ಕೆ ಮಾತ್ರ ಎಷ್ಟೋ ಸಲ ಅಂಕಿ ಹಾಕದೆ ‘ಒಂಬತ್ತನೆಯ’ ಅಂತ ಪದವನ್ನೇ ಪೂರ್ತಿ ಬರೆದಿದ್ದಾರೆ. ಒಂಬತ್ತರ ಅಕ್ಷರ ಥೀಟಾ; ಗ್ರೀಕಿನಲ್ಲಿ ಸಾವಿನ ಪದ ಶುರುವಾಗುವುದೂ ಅದರಿಂದಲೇ. ಚಕ್ರವರ್ತಿಯ ತಲೆಯ ಹಿಂದೆ ಅಂಥ ಅಕ್ಷರ ಯಾಕೆ ಅಂತ ಬಿಟ್ಟಿರಬೇಕು.

ವರ್ಷದ ಲೆಕ್ಕದಲ್ಲೊಂದು ತಿರುವಿದೆ. ಈಜಿಪ್ಟಿನ ಹೊಸ ವರ್ಷ ಥೋತ್ ತಿಂಗಳ ಮೊದಲ ದಿನ, ಅಂದರೆ ಆಗಸ್ಟ್ 29. ಪಟ್ಟವೇರಿದ ದಿನದಿಂದ ಆಗಸ್ಟ್ 28ರವರೆಗೆ ಒಂದನೇ ವರ್ಷ, ಅದು ಎಷ್ಟು ಚಿಕ್ಕದಾದರೂ ಸರಿ. ಮಾರನೇ ದಿನದಿಂದ ಎರಡನೇ ವರ್ಷ. ಯುಗಾದಿಗೆ ಒಂದು ವಾರ ಮುಂಚೆ ಪಟ್ಟಕ್ಕೆ ಬಂದವನಿಗೆ ಯುಗಾದಿಯ ದಿನವೇ ಎರಡನೇ ವರ್ಷ ಹಿಡಿದಂತೆ. ಗಾಲ್ಬಾ ಆಳಿದ್ದು ಬರೀ ಏಳು ತಿಂಗಳು, 68ರ ಜೂನ್‌ನಿಂದ 69ರ ಜನವರಿ 15ರವರೆಗೆ. ಆದರೂ ಅವನ ಹೆಸರಿನಲ್ಲಿ ಒಂದನೇ ವರ್ಷದ ನಾಣ್ಯವೂ ಇದೆ, ಎರಡನೇ ವರ್ಷದ್ದೂ ಇದೆ. ಈ ಲೆಕ್ಕ ಗೊತ್ತಿಲ್ಲದವರು ಇತಿಹಾಸದ ಪುಸ್ತಕವೇ ತಪ್ಪು ಅಂದುಕೊಳ್ಳಬೇಕು.

ಅದೇ 69ರಲ್ಲಿ ಇನ್ನೊಂದು ಸ್ವಾರಸ್ಯ. ರೋಮ್‌ನಲ್ಲಿ ವಿಟೆಲಿಯಸ್ ಚಕ್ರವರ್ತಿ. ಜುಲೈ 1ರಂದು ಈಜಿಪ್ಟಿನ ಗವರ್ನರ್ ಟೈಬೀರಿಯಸ್ ಜೂಲಿಯಸ್ ಅಲೆಕ್ಸಾಂಡರ್ ತನ್ನ ಸೈನಿಕರಿಂದ ಸೇನಾಪತಿ ವೆಸ್ಪೇಷಿಯನ್ ಹೆಸರಿನಲ್ಲಿ ಆಣೆ ಮಾಡಿಸಿದ. ಅಲೆಕ್ಸಾಂಡ್ರಿಯಾದಲ್ಲಿ ವೆಸ್ಪೇಷಿಯನ್‌ನ ‘ಒಂದನೇ ವರ್ಷ’ ಅಂದರೆ ಆ ಜುಲೈ ಮತ್ತು ಆಗಸ್ಟ್ ಮಾತ್ರ. ಆ ಒಂದನೇ ವರ್ಷದ ನಾಣ್ಯಗಳು ಸಿಕ್ಕಿವೆ. ರೋಮ್ ಅವನನ್ನು ಒಪ್ಪಿಕೊಂಡದ್ದು ಡಿಸೆಂಬರ್‌ನಲ್ಲಿ.

ಹಿಂಬದಿಯ ಚಿತ್ರಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆಯಬಹುದು. ಸೆರಾಪಿಸ್, ಐಸಿಸ್ ಎಂಬ ದೇವತೆಗಳು, ಹೆಡೆ ಎತ್ತಿದ ಅಗಥೊಡೈಮನ್ ಎಂಬ ದೈವದ ಹಾವು, ಅಲೆಕ್ಸಾಂಡ್ರಿಯಾದ ಫೇರೋಸ್ ದೀಪಸ್ತಂಭ. ನೈಲ್ ನದಿಯನ್ನೇ ದೇವರಾಗಿ, ಗಡ್ಡದ ಮುದುಕನಾಗಿ ಕೂರಿಸಿದ್ದಾರೆ, ಜೊತೆಗೆ ಮೊಸಳೆ. ಕೆಲವು ನಾಣ್ಯಗಳಲ್ಲಿ ಅವನ ಬಳಿ 16 ಎಂಬ ಅಂಕಿ ಇದೆ. ಅದು ಮೊಳದ ಲೆಕ್ಕ. ಪ್ರವಾಹ ಹದಿನಾರು ಮೊಳ ಏರಿದರೆ ಆ ವರ್ಷ ಸುಭಿಕ್ಷ. ಹನ್ನೆರಡೇ ಮೊಳವಾದರೆ ಹಸಿವು ಅಂತ ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಚಕ್ರವರ್ತಿ ಆಂಟೊನೈನಸ್ ಪಯಸ್ ಕಾಲದಲ್ಲಂತೂ ಟಂಕಸಾಲೆಯವರಿಗೆ ಜ್ಯೋತಿಷ್ಯದ ಹುಚ್ಚು ಹಿಡಿದಿತ್ತು. ಅವನ ಎಂಟನೇ ವರ್ಷದಲ್ಲಿ, ಅಂದರೆ 144-145ರಲ್ಲಿ, ದೊಡ್ಡ ಕಂಚಿನ ಡ್ರಾಕ್ಮಗಳ ಮೇಲೆ ಒಂದೊಂದು ರಾಶಿಯನ್ನೂ ಅದರ ಗ್ರಹದ ಜೊತೆ ಅಚ್ಚು ಹಾಕಿದರು: ಸಿಂಹಕ್ಕೆ ಸೂರ್ಯ, ಕರ್ಕಾಟಕಕ್ಕೆ ಚಂದ್ರ. ಆಯಾ ರಾಶಿಯ ಅಧಿಪತಿ ಯಾರು ಅಂತ ನಮ್ಮ ಪಂಚಾಂಗದವರನ್ನು ಕೇಳಿದರೂ ಇದೇ ಉತ್ತರ ಬರುತ್ತದೆ.

ಅಪ್ಪಣೆಯ ಮೇಲೆ ನಿಂತ ಹಣಕ್ಕೆ ಅಪ್ಪಣೆ ಕೊಡುವವನೇ ಅಲುಗಾಡಿದರೆ ಏನಾಗುತ್ತದೆ? 260ರಲ್ಲಿ ಪರ್ಷಿಯಾದ ಅರಸ ಶಾಪುರ್ ರೋಮ್‌ನ ಚಕ್ರವರ್ತಿ ವಲೇರಿಯನ್‌ನನ್ನು ಸೆರೆ ಹಿಡಿದ. ಪೂರ್ವದಲ್ಲಿ ಮ್ಯಾಕ್ರಿಯಾನಸ್, ಕ್ವಯೀಟಸ್ ಎಂಬ ಅಣ್ಣತಮ್ಮಂದಿರು ತಾವೇ ಚಕ್ರವರ್ತಿಗಳು ಅಂತ ಹೊರಟರು. ಅಲೆಕ್ಸಾಂಡ್ರಿಯಾ ಅವರ ಮುಖ ಹಾಕಿ ನಾಣ್ಯ ಹೊರಡಿಸಿತು. ಆ ವರ್ಷದ ನವೆಂಬರ್‌ನಲ್ಲಿ ಈಜಿಪ್ಟಿನ ಆಕ್ಸಿರಿಂಕಸ್ ಪಟ್ಟಣದ ಚಿನಿವಾರರು, ಅಂದರೆ ಹಣ ಬದಲಿಸಿಕೊಡುವವರು, ಅಂಗಡಿ ಮುಚ್ಚಿಬಿಟ್ಟರು! ‘ಚಕ್ರವರ್ತಿಗಳ ದಿವ್ಯ ನಾಣ್ಯ’ವನ್ನು ತೆಗೆದುಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಅಲ್ಲಿನ ಅಧಿಕಾರಿ ಹೊರಡಿಸಿದ ಆದೇಶ ಪಪೈರಸ್‌ನಲ್ಲಿ ಉಳಿದಿದೆ. ಅಂಗಡಿ ತೆರೆಯಿರಿ, ಅಪ್ಪಟ ಖೋಟಾ ಬಿಟ್ಟು ಉಳಿದ ಎಲ್ಲ ನಾಣ್ಯವನ್ನೂ ತೆಗೆದುಕೊಳ್ಳಿ, ಇಲ್ಲದಿದ್ದರೆ ಶಿಕ್ಷೆ ಗ್ಯಾರಂಟಿ ಎಂಬ ಧಾಟಿ. ಹೊಸ ಅರಸರ ಮೇಲೆ ನಂಬಿಕೆ ಇರಲಿಲ್ಲವೋ, ಬೆಳ್ಳಿ ತೀರ ಇಳಿದದ್ದು ಕಾರಣವೋ ಎಂಬ ವಾದ ವಿದ್ವಾಂಸರಲ್ಲಿದೆ. ಎರಡೂ ಇರಬೇಕು ಅಂತ ನನ್ನ ಅನಿಸಿಕೆ. ಅಂದಹಾಗೆ, ಕನ್ನಡದ ಮಾತುಗಳಿವೆ ಅಂತ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ವಾದಿಸಿದ ಆ ಹೆಸರಾಂತ ಗ್ರೀಕ್ ಪ್ರಹಸನದ ಹಾಳೆ ಸಿಕ್ಕಿದ್ದೂ ಇದೇ ಆಕ್ಸಿರಿಂಕಸ್‌ನ ಕಸದ ದಿಬ್ಬಗಳಲ್ಲಿ.

ಹತ್ತು ವರ್ಷದೊಳಗೆ ಇನ್ನೊಂದು ಪೆಟ್ಟು. 270ರಲ್ಲಿ ಸಿರಿಯಾದ ಪಾಲ್ಮೈರಾ ನಗರದ ರಾಣಿ ಜೆನೋಬಿಯಾಳ ಸೈನ್ಯ ಈಜಿಪ್ಟಿಗೆ ನುಗ್ಗಿತು. ಆಗಿನ ಟೆಟ್ರಾಡ್ರಾಕ್ಮದಲ್ಲಿ ಒಂದು ಮುಖ ರೋಮ್‌ನ ಚಕ್ರವರ್ತಿ ಆರೇಲಿಯನ್‌ನದು, ಇನ್ನೊಂದು ಜೆನೋಬಿಯಾಳ ಮಗ ವಾಬಲಾಥಸ್‌ನದು. ವರ್ಷವೂ ಬೇರೆ ಬೇರೆ: ಆರೇಲಿಯನ್‌ಗೆ 1, ಹುಡುಗನಿಗೆ 4. ರಾಜಿ ಮಾಡಿಕೊಳ್ಳುವ ಆಸೆ ನಾಣ್ಯದಲ್ಲೇ ಕಾಣುತ್ತದೆ, ಅಲ್ವಾ? 272ರಲ್ಲಿ ಆ ಆಸೆಯೂ ಹೋಯಿತು. ತಾಯಿ ಮಗ ಆರೇಲಿಯನ್‌ನನ್ನು ಕೈಬಿಟ್ಟು ತಮ್ಮದೇ ಮುಖ ಹಾಕಿಸಿಕೊಂಡರು. ಅದೇ ವರ್ಷ ಆರೇಲಿಯನ್ ಈಜಿಪ್ಟನ್ನು ಮರಳಿ ಪಡೆದ. ಸುಮಾರು 275ರ ಹೊತ್ತಿಗೆ ಈಜಿಪ್ಟಿನಲ್ಲಿ ಬೆಲೆಗಳು ಹತ್ತು ಪಟ್ಟಿನಷ್ಟು ಜಿಗಿದವು. ಹದಿಮೂರು ಗ್ರಾಂ ಆಸುಪಾಸು ತೂಗುತ್ತಿದ್ದ ನಾಣ್ಯ ಮುಂದೆ ಏಳೆಂಟು ಗ್ರಾಂನ ದಪ್ಪ ಗುಂಡಿಯಂತಾಯಿತು. ಬೆಳ್ಳಿ ಹೆಸರಿಗಷ್ಟೇ.

ಬೇಲಿ ಕಿತ್ತವನು ಚಕ್ರವರ್ತಿ ಡಯೊಕ್ಲೀಷಿಯನ್. ಸಾಮ್ರಾಜ್ಯಕ್ಕೆಲ್ಲ ಒಂದೇ ಬಗೆಯ ನಾಣ್ಯ ಅಂತ ಅವನು ತೀರ್ಮಾನಿಸಿದ. ಅವನ ಹನ್ನೆರಡನೇ ವರ್ಷದ, ಅಂದರೆ 295-296ರ ಟೆಟ್ರಾಡ್ರಾಕ್ಮಗಳೇ ಆ ಸಾಲಿನ ಕೊನೆಯವು. ಆಮೇಲೆ ಅಲೆಕ್ಸಾಂಡ್ರಿಯಾದಲ್ಲೂ ಲ್ಯಾಟಿನ್ ಬರಹದ, ಎಲ್ಲೆಡೆ ಓಡುವ ನಾಣ್ಯವೇ ಅಚ್ಚಾಯಿತು. ಒಮ್ಮೆ ಮಾತ್ರ ಹಳೆಯದು ತಲೆ ಎತ್ತಿತು. ಡೊಮಿಷಿಯಸ್ ಡೊಮಿಷಿಯಾನಸ್ ಎಂಬಾತ ಈಜಿಪ್ಟಿನಲ್ಲಿ ದಂಗೆ ಎದ್ದು, ಹೊಸ ಲ್ಯಾಟಿನ್ ನಾಣ್ಯದ ಜೊತೆಗೆ ಗ್ರೀಕ್ ಬರಹದ ಹಳೇ ಬಗೆಯ ನಾಣ್ಯವನ್ನೂ ಹಾಕಿಸಿದ. ಡಯೊಕ್ಲೀಷಿಯನ್ ತಾನೇ ದಂಡೆತ್ತಿ ಬಂದು ಅಲೆಕ್ಸಾಂಡ್ರಿಯಾಕ್ಕೆ ಮುತ್ತಿಗೆ ಹಾಕಿದ. 298ರ ಹೊತ್ತಿಗೆ ದಂಗೆ ಮುಗಿಯಿತು, ಡ್ರಾಕ್ಮದ ನಾಣ್ಯವೂ ಮುಗಿಯಿತು. ಟಂಕಸಾಲೆ ಮಾತ್ರ ಮುಚ್ಚಲಿಲ್ಲ.