ಮನವಿಗಳ ಹಾದಿಯಲ್ಲಿ ಮೂಸಾ ಕಾಜಿಮ್ ಅಲ್-ಹುಸೇನಿ

ಪ್ಯಾಲೆಸ್ತೀನಿನ ಅರಬ್ ರಾಜಕಾರಣದ ಮೊದಲ ತಲೆಮಾರಿನ ನಾಯಕರಾದ ಮೂಸಾ ಕಾಜಿಮ್ ಅಲ್-ಹುಸೇನಿ ಚಳವಳಿಯಿಂದ ಬಂದವರಲ್ಲ, ಆಡಳಿತದಿಂದ ಬಂದವರು. ಜೆರುಸಲೇಮಿನ ಪ್ರತಿಷ್ಠಿತ ಮನೆತನದಲ್ಲಿ ಹುಟ್ಟಿ, ಇಸ್ತಾಂಬುಲ್‌ನಲ್ಲಿ ಓದಿ, ಒಟ್ಟೊಮನ್ ಸಾಮ್ರಾಜ್ಯದ ಹಲವು ಜಿಲ್ಲೆಗಳಲ್ಲಿ ಅಧಿಕಾರ ನಡೆಸಿದ್ದ ಅವರಿಗೆ, ಕ್ರಮಬದ್ಧವಾಗಿ ಬರೆದ ಮನವಿಯನ್ನು ಸರ್ಕಾರ ಓದಲೇಬೇಕು ಎಂಬ ನಂಬಿಕೆಯಿತ್ತು. ಮುಂದಿನ ಅವರ ರಾಜಕಾರಣವೆಲ್ಲ ಈ ನಂಬಿಕೆಯ ಮೇಲೆಯೇ ನಿಂತಿತು.

ಒಟ್ಟೊಮನ್ನರ ಜಾಗದಲ್ಲಿ ಬ್ರಿಟಿಷರ ಆಡಳಿತ ಬಂದ ಮೇಲೆ, 1918ರಲ್ಲಿ ಜೆರುಸಲೇಮಿನ ಮೇಯರ್ ಆದ ಅವರನ್ನು, 1920ರ ಏಪ್ರಿಲ್‌ನಲ್ಲಿ ಮುಸ್ಲಿಮರ ನಬಿ ಮೂಸಾ ಉತ್ಸವದ ವೇಳೆ ನಡೆದ ಗಲಭೆಯ ನಂತರ ಬ್ರಿಟಿಷ್ ಗವರ್ನರ್ ರೊನಾಲ್ಡ್ ಸ್ಟಾರ್ಸ್ ವಜಾ ಮಾಡಿ, ಎದುರಾಳಿ ಮನೆತನದ ರಾಘಿಬ್ ಅಲ್-ನಶಾಶಿಬಿ ಅವರಿಗೆ ಆ ಸ್ಥಾನ ಕೊಟ್ಟರು. ಈ ಎರಡು ಮನೆತನಗಳ ಪೈಪೋಟಿ ಮುಂದೆ ಅರಬ್ಬರ ಒಗ್ಗಟ್ಟನ್ನೇ ಸೀಳಿತು. ಅದೇ ಡಿಸೆಂಬರ್‌ನಲ್ಲಿ ಹೈಫಾದಲ್ಲಿ ಸೇರಿದ ಅರಬ್ ಸಮ್ಮೇಳನ ತನ್ನ ಕಾರ್ಯಕಾರಿ ಸಮಿತಿಗೆ ಮೂಸಾ ಕಾಜಿಮ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು.

1921ರಲ್ಲಿ ಮುಸ್ಲಿಮರೂ ಕ್ರೈಸ್ತರೂ ಇದ್ದ ನಿಯೋಗದೊಂದಿಗೆ ಲಂಡನ್‌ಗೆ ಹೋದ ಅವರು ಸುಮಾರು ಒಂದು ವರ್ಷ ಅಲ್ಲಿ ವಾದಿಸಿದರು. ಯಹೂದ್ಯರಿಗೆ ರಾಷ್ಟ್ರೀಯ ನೆಲೆಯ ಭರವಸೆಯಿತ್ತ 1917ರ ಬಾಲ್ಫೋರ್ ಘೋಷಣೆಯನ್ನು ಕೈಬಿಡಬೇಕು, ಜನರಿಗೆ ಹೊಣೆಯಾದ ಸರ್ಕಾರ ಬೇಕು ಎಂಬುದು ಬೇಡಿಕೆ. ವಸಾಹತು ಮಂತ್ರಿ ಚರ್ಚಿಲ್ ಒಪ್ಪಲಿಲ್ಲ. 1922ರ ಜುಲೈನಲ್ಲಿ ರಾಷ್ಟ್ರಸಂಘ ಮಂಜೂರು ಮಾಡಿದ ಮ್ಯಾಂಡೇಟ್‌ನೊಳಗೇ, ಅಂದರೆ ಪ್ಯಾಲೆಸ್ತೀನನ್ನು ಆಳಲು ಬ್ರಿಟನ್ನಿಗೆ ಕೊಟ್ಟ ಅಧಿಕಾರಪತ್ರದೊಳಗೇ, ಆ ಘೋಷಣೆ ಸೇರಿಹೋಯಿತು.

ಬದಲಿಗೆ ಬಂದದ್ದು ಶಾಸನ ಪರಿಷತ್ತಿನ ಯೋಜನೆ: ಬ್ರಿಟಿಷ್ ಆಡಳಿತದ ಮುಖ್ಯಸ್ಥನಾದ ಹೈಕಮಿಷನರ್, 10 ಅಧಿಕಾರಿಗಳು ಮತ್ತು 12 ಚುನಾಯಿತರು, ಚುನಾಯಿತರಲ್ಲಿ 8 ಮುಸ್ಲಿಮರು, 2 ಕ್ರೈಸ್ತರು, 2 ಯಹೂದ್ಯರು. 1922ರ ಜನಗಣತಿಯಂತೆ ಸುಮಾರು ಏಳೂವರೆ ಲಕ್ಷ ಜನರಲ್ಲಿ ಯಹೂದ್ಯರು ಸುಮಾರು 84 ಸಾವಿರ. ಹೀಗಿದ್ದೂ 23 ಮಂದಿಯ ಸಭೆಯಲ್ಲಿ ಅರಬ್ ಚುನಾಯಿತರಿಗೆ ಸಿಗುತ್ತಿದ್ದುದು ಹತ್ತೇ ಸ್ಥಾನ. ಸಮಿತಿ 1923ರ ಚುನಾವಣೆಯನ್ನು ಬಹಿಷ್ಕರಿಸಿತು. ಒಳಗೆ ಕೂತು ಹೋರಾಡುವ ಅವಕಾಶ ಕಳೆದುಕೊಂಡರೆಂದು ಕೆಲವರು ಟೀಕಿಸುವುದುಂಟು; ಆದರೆ ಆ ಪರಿಷತ್ತಿಗೆ ಕಾಲಿಡುವುದೆಂದರೆ ಮ್ಯಾಂಡೇಟ್‌ಗೇ ಸಹಿ ಹಾಕಿದಂತಾಗುತ್ತಿತ್ತು ಎಂಬ ಅವರ ಆತಂಕ ನನಗೆ ನ್ಯಾಯವಾಗಿಯೇ ಕಾಣುತ್ತದೆ.

1929ರಲ್ಲಿ ಅರಬ್ಬರು ಮತ್ತು ಯಹೂದ್ಯರ ನಡುವೆ ನಡೆದ ಹಿಂಸಾಚಾರದ ಬಳಿಕ, 1930ರಲ್ಲಿ, ಅವರು ಮತ್ತೆ ನಿಯೋಗದೊಂದಿಗೆ ಲಂಡನ್‌ಗೆ ಹೋದರು. ಆ ಅಕ್ಟೋಬರ್‌ನ ಬ್ರಿಟಿಷ್ ಸರ್ಕಾರದ ಪಾಸ್‌ಫೀಲ್ಡ್ ಶ್ವೇತಪತ್ರ ಯಹೂದ್ಯರ ವಲಸೆಗೆ ಮತ್ತು ಅವರಿಗೆ ಭೂಮಿ ಮಾರಾಟಕ್ಕೆ ಮಿತಿ ಹಾಕುವ ಸೂಚನೆ ಕೊಟ್ಟಿತು. ನಾಲ್ಕೇ ತಿಂಗಳಲ್ಲಿ ಪ್ರಧಾನಿ ಮ್ಯಾಕ್‌ಡೊನಾಲ್ಡ್ ಜಿಯೋನಿಸ್ಟ್ (ಯಹೂದಿ ರಾಷ್ಟ್ರೀಯವಾದಿ) ನಾಯಕ ವೈಜ್‌ಮನ್ ಅವರಿಗೆ ಬರೆದ ಪತ್ರ ಅದನ್ನು ನಿರರ್ಥಕಗೊಳಿಸಿತು. ಅರಬ್ಬರು ಮ್ಯಾಕ್‌ಡೊನಾಲ್ಡರ ಆ ಪತ್ರವನ್ನು ‘ಕಪ್ಪು ಪತ್ರ’ ಎಂದು ಕರೆದರು.

1933ರ ಅಕ್ಟೋಬರ್‌ನಲ್ಲಿ, ಎಂಬತ್ತರ ಆಸುಪಾಸಿನಲ್ಲಿದ್ದ ಮೂಸಾ ಕಾಜಿಮ್ ಬ್ರಿಟಿಷ್ ನೀತಿಯ ವಿರುದ್ಧದ ಮೆರವಣಿಗೆಗಳ ಮುಂದೆ ನಡೆದರು. ಜಾಫಾದಲ್ಲಿ ಪೊಲೀಸರ ಏಟು ತಿಂದ ಅವರು 1934ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರಿದ್ದ ಸಮಿತಿಯೂ ಅವರ ಹಿಂದೆಯೇ ಕಣ್ಮರೆಯಾಯಿತು. ಮಗ ಅಬ್ದುಲ್ ಕಾದಿರ್ ಬಂದೂಕಿನ ದಾರಿ ಹಿಡಿದು, 1948ರ ಏಪ್ರಿಲ್‌ನಲ್ಲಿ ಜೆರುಸಲೇಮಿನ ಹೊರವಲಯದ ಕಸ್ತಲ್‌ನಲ್ಲಿ ಮಡಿದರು.